ದಾಕ್ಷಿಣ್ಯದ ಬಾಗಿಲು: ಕಾರವಾರದ ಒಂದು ಪ್ರಕರಣ ಅಧ್ಯಯನ

ಕಾರವಾರದಲ್ಲಿ ನೆಲೆಸಿರುವ ಒಬ್ಬ ಹೆಣ್ಣುಮಗಳು ಸುಮಾರು 20 ತಿಂಗಳ ಕಾಲ ಒಂದು ಧಾರ್ಮಿಕ ಬಳಗದಲ್ಲಿದ್ದು, ತನ್ನ ದಿನಚರಿ, ದುಡಿಮೆ, ಒಡವೆ, ತವರಿನ ನಂಟು ಎಲ್ಲವನ್ನೂ ಒಂದೊಂದಾಗಿ ಅದರ ಕೈಗೆ ಒಪ್ಪಿಸಿ, ಕೊನೆಗೆ ಹೊರಬಂದಳು. ಆಪ್ತಸಮಾಲೋಚನೆಯ ಕೆಲಸದಲ್ಲಿರುವ ನನ್ನ ಬಳಿ ಆಕೆ ಬಂದದ್ದು ಹೊರಬಂದ ಎರಡು ತಿಂಗಳ ಮೇಲೆ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬಳಗದ ಹೆಸರನ್ನಾಗಲಿ ಅದು ಯಾರನ್ನು ಪೂಜಿಸುತ್ತದೆ ಎಂಬುದನ್ನಾಗಲಿ ಹೇಳುವುದಿಲ್ಲ. ಅದು ಆಕೆ ಹುಟ್ಟಿ ಬೆಳೆದ ಧರ್ಮದೊಳಗಿನದೇ ಬಳಗವಾಗಿತ್ತು ಎಂಬುದನ್ನು ಮಾತ್ರ ಹೇಳಬೇಕು. ಏಕೆಂದರೆ ಇಂತಹ ಮಾತು ಎದ್ದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಚರ್ಚೆ ‘ಅವರು ನಮ್ಮವರನ್ನು ಸೆಳೆದುಕೊಂಡರು’ ಎಂಬ ಕಡೆಗೆ ಹೊರಳುತ್ತದೆ, ಮತ್ತು ಆ ಹೊರಳಿನಲ್ಲಿ ನಿಜವಾಗಿ ನಡೆದದ್ದು ಕಣ್ಮರೆಯಾಗುತ್ತದೆ.

ಆಕೆ ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಮನೆಯ ಮಗಳು. ಮದುವೆಯಾಗಿ ಘಟ್ಟ ಇಳಿದು ಕಾರವಾರಕ್ಕೆ ಬಂದಾಗ 26 ವರ್ಷ. ಬಳಗದ ಪರಿಚಯವಾದಾಗ 33. ಗಂಡ ಹಡಗಿನ ಕೆಲಸದಲ್ಲಿದ್ದು ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲಿರುತ್ತಾನೆ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಆಕೆ ಮತ್ತು ಐದು ವರ್ಷದ ಮಗ. ಓಣಿಯಲ್ಲಿ ಮನೆಮಾತು ಕೊಂಕಣಿ. ಅದು ಆಕೆಗೆ ಅರ್ಥವಾಗುತ್ತಿತ್ತು, ಆದರೆ ಆಡಲು ನಾಚಿಕೆ. ತವರಿಗೆ ಹೋಗಬೇಕೆಂದರೆ ಅಂಕೋಲೆ, ಕುಮಟೆ ದಾಟಿ ದೇವಿಮನೆ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಹೆದರಿಕೆಯಲ್ಲಿ ಆ ಪ್ರಯಾಣವೇ ಬೇಡವೆನಿಸುತ್ತದೆ. ಒಂಟಿ ಎಂಬ ಮಾತನ್ನು ಆಕೆ ನನ್ನೆದುರು ಒಮ್ಮೆಯೂ ಬಳಸಲಿಲ್ಲ. “ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಬೆಳಗಿನವರೆಗೆ ಯಾರೂ ತಟ್ಟುತ್ತಿರಲಿಲ್ಲ” ಎಂದಷ್ಟೇ ಹೇಳಿದಳು.

ಬಾಗಿಲು ತಟ್ಟಿದ್ದು ಒಂದು ಜೂನ್ ತಿಂಗಳ ಕೊನೆಗೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪಕ್ಕದ ಮನೆಯಾಕೆಯ ಸಂಸಾರ ನಡೆಯುವುದು ಮೀನುಗಾರಿಕೆಯಿಂದ; ಆ ಎರಡು ತಿಂಗಳು ಆಕೆಗೆ ಬೆಳಗಿನ ಮಾರುಕಟ್ಟೆಯ ಓಡಾಟವಿಲ್ಲ. ಆಗಲೇ ಇವಳ ಮಗನಿಗೆ ಡೆಂಗಿ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಪಕ್ಕದ ಮನೆಯಾಕೆ ಮೂರು ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕೂತಳು, ಸ್ಟೀಲಿನ ಡಬ್ಬದಲ್ಲಿ ಗಂಜಿ ತಂದಳು, ರಕ್ತಪರೀಕ್ಷೆಯ ಚೀಟಿ ಹಿಡಿದು ಮಳೆಯಲ್ಲಿ ಓಡಾಡಿದಳು. ಈ ಉಪಕಾರವನ್ನು ಬಲೆಯ ಮೊದಲ ಎಳೆ ಎಂದು ಓದುವುದು ಸುಲಭ. ಹಾಗೆ ಓದುವುದು ತಪ್ಪು ಎಂದು ನನ್ನ ದೃಢವಾದ ನಂಬಿಕೆ. ಆ ಮೂರು ರಾತ್ರಿಗಳಲ್ಲಿ ಪಕ್ಕದ ಮನೆಯಾಕೆ ಬಳಗದ ಸುದ್ದಿಯನ್ನೇ ಎತ್ತಲಿಲ್ಲ. ಆಕೆ ಮಾಡಿದ್ದು ನಿಜವಾದ ನೆರೆಹೊರೆಯ ಕೆಲಸ, ಮತ್ತು ಅದು ನಿಜವಾಗಿದ್ದುದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

ನಮ್ಮಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಮಗ ಗುಣವಾಗಿ ಮನೆಗೆ ಬಂದ ಮೇಲೆ ಆಕೆ ಆ ಡಬ್ಬದಲ್ಲಿ ತವರಿನ ತೊಡೆದೇವು ತುಂಬಿ ಕೊಟ್ಟಳು. ನಾಲ್ಕು ದಿನದಲ್ಲಿ ಡಬ್ಬ ಮತ್ತೆ ಬಂತು, ಮತ್ತೆ ಹೋಯಿತು. ಮೂರನೆಯ ಸಲ ಡಬ್ಬದೊಂದಿಗೆ ಒಂದು ಮಾತೂ ಬಂತು: “ಗುರುವಾರ ನಮ್ಮಲ್ಲಿ ಭಜನೆ ಇದೆ. ನಂಬಬೇಕಂತ ಇಲ್ಲ, ಒಂದು ಸಲ ಬಂದು ಕೂತು ಹೋದರೆ ಸಾಕು.” ಮೂರು ರಾತ್ರಿ ನಿದ್ದೆಗೆಟ್ಟವಳಿಗೆ ಒಂದು ಗಂಟೆ ಕೊಡಲಾರೆ ಎನ್ನುವುದು ಹೇಗೆ? ನಾನು ಕೇಳಿದೆ: ಹೋಗುವ ಮನಸ್ಸಿತ್ತೇ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಇರಲಿಲ್ಲ. ಇಲ್ಲ ಅನ್ನುವ ಮುಖ ನನಗಿರಲಿಲ್ಲ.”

ಈ ಪ್ರಕರಣದಲ್ಲಿ ನಾನು ಹೇಳಬೇಕಾದ ಮುಖ್ಯ ಸಂಗತಿ ಈ ಉತ್ತರದಲ್ಲಿಯೇ ಇದೆ. ಆಕೆಯನ್ನು ಒಳಗೆ ಕರೆದೊಯ್ದದ್ದು ನಂಬಿಕೆಯಲ್ಲ, ಮೌಢ್ಯವಂತೂ ಅಲ್ಲ. ಆಕೆ ಪದವೀಧರೆ, ಲೆಕ್ಕದಲ್ಲಿ ಚುರುಕು, ದೇವರ ವಿಷಯದಲ್ಲಿ ಮಿತವಾದ ಭಕ್ತಿಯವಳು. ಕರೆದೊಯ್ದದ್ದು ದಾಕ್ಷಿಣ್ಯ. ನಂಬಿಕೆ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಮಾಡಿಯಾಗಿದ್ದಕ್ಕೆ ಒಂದು ಕಾರಣ ಬೇಕಾದಾಗ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜಾನ್ ಲಾಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ 1965ರಲ್ಲಿ ಪ್ರಕಟಿಸಿದ ಅಧ್ಯಯನ, ಹೊಸ ಪಂಥವೊಂದನ್ನು ಸೇರಿದವರಲ್ಲಿ ಒಳಗಿನವರೊಂದಿಗಿನ ಸ್ನೇಹದ ಕಟ್ಟು ಹೊರಗಿನ ಕಟ್ಟುಗಳಿಗಿಂತ ಬಿಗಿಯಾದದ್ದು ಎಷ್ಟು ನಿರ್ಣಾಯಕ ಎಂಬುದನ್ನು ತೋರಿಸಿತ್ತು. ಸಿದ್ಧಾಂತದ ಪುಸ್ತಕ ಓದಿ ಮನಸೋತು ಬಂದವರು ವಿರಳ. ಬಹುಮಂದಿ ಬಂದದ್ದು ಯಾರದೋ ಕೈ ಹಿಡಿದು.

ಗುರುವಾರದ ಆ ಮೊದಲ ಸಂಜೆಯನ್ನು ಆಕೆ ಬಹಳ ವಿವರವಾಗಿ ನೆನೆಯುತ್ತಾಳೆ. ಇಪ್ಪತ್ತು ಇಪ್ಪತ್ತೆರಡು ಹೆಂಗಸರು. ಒಳಗೆ ಕಾಲಿಡುತ್ತಿದ್ದಂತೆ ನಾಲ್ಕೈದು ಮಂದಿ ಮಗನ ಹೆಸರು ಹಿಡಿದು “ಈಗ ಪ್ಲೇಟ್‌ಲೆಟ್ ಎಷ್ಟಿದೆ?” ಎಂದು ಕೇಳಿದರು. ಅವಳ ಕನ್ನಡಕ್ಕಾಗಿ ಅವರೆಲ್ಲ ಕೊಂಕಣಿ ಬಿಟ್ಟು ಕನ್ನಡದಲ್ಲಿ ಮಾತಾಡಿದರು. ಏಳು ವರ್ಷದಲ್ಲಿ ಓಣಿಯಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಭಜನೆಯ ನಂತರ ಒಬ್ಬೊಬ್ಬರೂ ಆ ವಾರ ತಮಗಾದ ಒಳಿತನ್ನು ಎದ್ದು ನಿಂತು ಹೇಳಿದರು, ಸರದಿ ಅವಳ ಬಳಿ ಬಂತು, ಎಲ್ಲರ ಮುಖವೂ ಅವಳ ಕಡೆ ತಿರುಗಿತು. ಮಗ ಉಳಿದದ್ದು ಇಲ್ಲಿಯವರ ಪ್ರಾರ್ಥನೆಯಿಂದ ಎಂದು ಆಕೆ ಹೇಳಿದಳು. ಅದನ್ನು ನಂಬಿ ಹೇಳಿದ್ದಲ್ಲ, ಬೇರೆ ಏನು ಹೇಳಿದರೂ ಅಲ್ಲಿ ಒರಟಾಗುತ್ತಿತ್ತು. ಹಲವರು ಕಣ್ಣೊರೆಸಿಕೊಂಡರು.

ಸಾಲೊಮನ್ ಆಶ್ 1951ರಲ್ಲಿ ವರದಿ ಮಾಡಿದ ಪ್ರಯೋಗಗಳನ್ನು ಮನಶ್ಶಾಸ್ತ್ರ ಓದಿದವರೆಲ್ಲ ಬಲ್ಲರು. ಯಾವ ಗೆರೆ ಯಾವ ಗೆರೆಯಷ್ಟು ಉದ್ದವಿದೆ ಎಂದು ಹೇಳುವ, ಮಗುವೂ ತಪ್ಪದ ಕೆಲಸ. ಆದರೆ ಕೋಣೆಯಲ್ಲಿರುವ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಮೂರರಲ್ಲಿ ಒಂದು ಭಾಗದಷ್ಟು ಉತ್ತರಗಳು ಗುಂಪಿನ ಕಡೆ ವಾಲಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪು ಹೇಳಿದ್ದನ್ನು ಹೇಳಿದರು. ಅಪರಿಚಿತರ ನಡುವೆ, ಗೆರೆಯ ಉದ್ದದ ವಿಷಯದಲ್ಲಿ ಹೀಗಾದರೆ, ಮಗನ ಜೀವಕ್ಕಾಗಿ ಹೆಗಲು ಕೊಟ್ಟವರ ನಡುವೆ, ಕಣ್ಣಿಗೆ ಕಾಣದ ಕೃಪೆಯ ವಿಷಯದಲ್ಲಿ ಏನಾಗಬಹುದು ಎಂಬುದನ್ನು ಯೋಚಿಸಬೇಕು. ಅದೇ ಪ್ರಯೋಗದ ಇನ್ನೊಂದು ಫಲಿತಾಂಶ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವ ಜೊತೆಗಾರ ಸಿಕ್ಕರೆ ಈ ವಾಲುವಿಕೆ ಬಹುಮಟ್ಟಿಗೆ ಇಳಿದುಹೋಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಮೊದಲ ತಿಂಗಳು ಆಕೆ ಮಾಡಬೇಕಾಗಿದ್ದು ಹೂ ತರುವುದು. ನಂತರ ಚಾಪೆ ಹಾಸುವುದು. ನಂತರ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನದ ಜಪದ ಸಂಖ್ಯೆ ಬರೆಯುವುದು. ಅದಕ್ಕೆ ವಾರಕ್ಕೊಮ್ಮೆ ಹಿರಿಯಕ್ಕ ಎಂದು ಕರೆಯಲಾಗುವ ಒಬ್ಬರ ಸಹಿ. ಆಮೇಲೆ 48 ದಿನಗಳ ಮಂಡಲದ ಸಂಕಲ್ಪ, ಅದೂ ಎಲ್ಲರ ಎದುರು ಎದ್ದು ನಿಂತು ಬಾಯಲ್ಲಿ ಹೇಳಿ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಆಕ್ಷೇಪಿಸುವಂಥದ್ದೇನೂ ಇಲ್ಲ; ನಮ್ಮ ಎಷ್ಟೋ ಮನೆಗಳಲ್ಲಿ ಇವೆಲ್ಲ ಇವೆ. ಆದರೆ ಹಿಂದಿನದಕ್ಕೆ ಒಪ್ಪಿದವಳು ಮುಂದಿನದಕ್ಕೆ ಏಕೆ ಒಪ್ಪಬಾರದು ಎಂಬ ಪ್ರಶ್ನೆ ಪ್ರತಿ ಮೆಟ್ಟಿಲಲ್ಲಿಯೂ ಕಾಯುತ್ತಿತ್ತು. 1966ರಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಇದನ್ನು ಪರೀಕ್ಷಿಸಿದ್ದರು: ಜಾಗ್ರತೆಯಿಂದ ವಾಹನ ನಡೆಸಿ ಎಂಬ ದೊಡ್ಡ, ಕುರೂಪದ ಫಲಕವನ್ನು ಅಂಗಳದಲ್ಲಿ ನೆಡಲು ನೇರವಾಗಿ ಕೇಳಿದಾಗ ಒಪ್ಪಿದವರು ಶೇಕಡಾ 17ರಷ್ಟು, ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಮೊದಲು ಅಂಟಿಸಿಕೊಂಡಿದ್ದವರಲ್ಲಿ ಶೇಕಡಾ 76ರಷ್ಟು. ಚೀಟಿ ಅಂಟಿಸಿದ ದಿನ ಅವರು ತಮ್ಮನ್ನು ‘ಇಂತಹ ಕೆಲಸಕ್ಕೆ ಇಲ್ಲವೆನ್ನದವರು’ ಎಂದು ಭಾವಿಸಿಕೊಂಡಿದ್ದರು ಎಂಬುದು ಸಂಶೋಧಕರು ಸೂಚಿಸಿದ ವಿವರಣೆ.

ಸಂಕಲ್ಪ ಮಾಡಿದ ಮರುದಿನದಿಂದ ವಾಟ್ಸ್‌ಆಪ್ ಗುಂಪು. ಬೆಳಗಿನ 4:45ಕ್ಕೆ ಎಲ್ಲರೂ ‘ಎದ್ದೆ’ ಎಂದು ಬರೆಯಬೇಕು. ಬರೆಯದವರಿಗೆ ಏಳು ಗಂಟೆಯೊಳಗೆ ಮೂರು ಬೇರೆ ಬೇರೆ ಮಂದಿಯಿಂದ ಕರೆ ಬರುತ್ತಿತ್ತು. ಬೈಗುಳ ಇರುತ್ತಿರಲಿಲ್ಲ, “ಆರಾಮಿಲ್ಲವಾ? ನಿನ್ನ ಸಾಲು ಖಾಲಿ ನೋಡಿ ಎದೆ ಝಲ್ ಅಂತು” ಎನ್ನುವ ಅಕ್ಕರೆ ಇರುತ್ತಿತ್ತು. ಬೈದಿದ್ದರೆ ಎದುರಾಡಬಹುದಿತ್ತು ಎಂದು ಆಕೆ ನನಗೆ ಎರಡು ಮೂರು ಸಲ ಹೇಳಿದ್ದಾಳೆ. ಅಕ್ಕರೆಗೆ ಎದುರಾಡುವ ಮಾತು ಆಕೆಗೆ ಯಾರೂ ಕಲಿಸಿರಲಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಯಾರೂ ಕಲಿಸುವುದಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ರಾತ್ರಿ ಹನ್ನೊಂದರವರೆಗೆ ಹೊಲಿಗೆ, ನಾಲ್ಕೂವರೆಗೆ ಅಲಾರಂ. ನಿದ್ದೆಗೆಟ್ಟ ಮನಸ್ಸು ತರ್ಕಿಸುವುದಿಲ್ಲ, ಅಳುತ್ತದೆ. ಆ ಅಳುವನ್ನು ಭಕ್ತಿಯ ಲಕ್ಷಣವೆಂದು ಅಲ್ಲಿ ಕೊಂಡಾಡಲಾಯಿತು.

ಹೊಲಿಗೆಯ ಸಂಗತಿ ಸಣ್ಣದಲ್ಲ. ಆಕೆ ಮನೆಯಲ್ಲೇ ರವಿಕೆ ಹೊಲಿದು ಸಂಪಾದಿಸುತ್ತಿದ್ದಳು. ಬಳಗಕ್ಕೆ ಸೇರಿದ ಮೇಲೆ ತಿಂಗಳಿಗೆ ಐದಾರು ರವಿಕೆ ಇದ್ದದ್ದು ಇಪ್ಪತ್ತರ ಮೇಲಾಯಿತು, ಅದರಲ್ಲಿ ಮುಕ್ಕಾಲು ಪಾಲು ಬಳಗದವರದೇ. ಮಗನನ್ನು ಶಾಲೆಯಿಂದ ಕರೆತರುವುದು ಬಳಗದವರು, ಗ್ಯಾಸ್ ಸಿಲಿಂಡರಿಗೆ ಸಾಲ ಕೊಡುವುದು ಬಳಗದವರು, ಕೊಂಕಣಿ ಕಲಿಸಿದವರೂ ಅವರೇ. ಒಂದು ವರ್ಷದೊಳಗೆ ಕಾರವಾರದಲ್ಲಿ ಆಕೆಗಿದ್ದ ಪ್ರತಿಯೊಂದು ನಂಟೂ ಆ ಒಂದೇ ಬಾಗಿಲಿನ ಮೂಲಕ ಹಾದುಹೋಗುವಂತಾಯಿತು. ಒಳಗಿನ ನುಡಿಗಟ್ಟೂ ಬೆಳೆಯಿತು: ಪ್ರಶ್ನೆ ಕೇಳುವುದಕ್ಕೆ ‘ಕಲಿ ಮಾತಾಡಿಸುವುದು’ ಎಂದೂ ತವರಿನವರಿಗೆ ‘ಹೊರಗಿನವರು’ ಎಂದೂ ಹಣ ಕೊಡುವುದಕ್ಕೆ ‘ಹಗುರಾಗುವುದು’ ಎಂದೂ ಹೆಸರು. ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ 1961ರಲ್ಲಿ ಮನಸ್ಸನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಪರಿಸರದ ಎಂಟು ಲಕ್ಷಣಗಳನ್ನು ಗುರುತಿಸಿದಾಗ, ಹೀಗೆ ಭಾಷೆಯನ್ನೇ ಮುಚ್ಚಿಬಿಡುವುದನ್ನೂ ತಪ್ಪೊಪ್ಪಿಗೆಯ ಕಡ್ಡಾಯವನ್ನೂ ಅವುಗಳಲ್ಲಿ ಸೇರಿಸಿದ್ದರು. ಪ್ರಶ್ನೆಗೆ ಕಲಿಯ ಹೆಸರಿಟ್ಟ ಮೇಲೆ, ಪ್ರಶ್ನೆ ಹುಟ್ಟಿದ ಕೂಡಲೇ ಅದನ್ನು ಹುಟ್ಟಿಸಿದವಳೇ ಅಪರಾಧಿಯಾಗುತ್ತಾಳೆ.

ಇಂತಹ ಬಳಗಗಳಿಗೆ ತಡೆಯಲಾಗದ ಮಾಯಾಶಕ್ತಿ ಇದೆ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಯೂನಿಫಿಕೇಶನ್ ಚರ್ಚ್ ಎಂಬ ಹೊಸ ಪಂಥದ ಕುರಿತು ನಡೆಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದರ ಶಿಬಿರಗಳಿಗೆ ಹೋದವರಲ್ಲಿ ಸೇರಿದವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ. ಸೇರಿದವರಲ್ಲಿಯೂ ಬಹುಪಾಲು ಮಂದಿ ಎರಡು ವರ್ಷದೊಳಗೆ ತಾವಾಗಿ ಬಿಟ್ಟುಹೋಗಿದ್ದರು. ನಮ್ಮ ಪ್ರಕರಣದಲ್ಲಿಯೂ ಅದೇ ಮಳೆಗಾಲದಲ್ಲಿ ಬಳಗದ ಭಜನೆಗೆ ಮೊದಲ ಸಲ ಬಂದ ಆರು ಮಂದಿಯಲ್ಲಿ ಉಳಿದವರು ಇಬ್ಬರು. ಬಿಟ್ಟುಹೋದ ನಾಲ್ವರಿಗೂ ಕಾರವಾರದಲ್ಲಿ ಅಕ್ಕ, ಅಮ್ಮ, ಅತ್ತೆ, ಯಾರಾದರೂ ಇದ್ದರು.

ಎಂಟನೆಯ ತಿಂಗಳಲ್ಲಿ ಆಕೆಯೂ ಕರೆತರಬೇಕಾದವಳಾದಳು. ಪ್ರತಿಯೊಬ್ಬರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಂದವರ ಹೆಸರುಗಳಿಗೆ ಜಾಗವಿತ್ತು. ಪಕ್ಕದ ಮನೆಯಾಕೆಯ ಪುಟದಲ್ಲಿ ತನ್ನ ಹೆಸರು ನಾಲ್ಕನೆಯದಾಗಿ ಬರೆದಿರುವುದನ್ನು ಆಕೆ ಆಗ ಮೊದಲ ಸಲ ನೋಡಿದಳು. ಬೇಸರವಾಯಿತೇ ಎಂದು ಕೇಳಿದೆ. ಆಗ ಹೆಮ್ಮೆಯಾಗಿತ್ತು, ಬೇಸರವಾದದ್ದು ಈಗ ಎಂದಳು. ತಾನು ಮಗನ ಶಾಲೆಯ ಇಬ್ಬರು ತಾಯಂದಿರನ್ನು ಕರೆದೊಯ್ದಳು. ಒಬ್ಬಳ ಗಂಡ ಆಸ್ಪತ್ರೆಯಲ್ಲಿದ್ದ, ಇನ್ನೊಬ್ಬಳು ವರ್ಗಾವಣೆಯಾಗಿ ಹೊಸದಾಗಿ ಬಂದಿದ್ದಳು. ಈ ಇಬ್ಬರ ಮಾತು ಬಂದಾಗಲೆಲ್ಲ ಆಕೆ ಕಿಟಕಿಯ ಕಡೆ ತಿರುಗಿ ಕೂರುತ್ತಾಳೆ. ಒಡವೆ ಕೊಟ್ಟದ್ದನ್ನು ಹೇಳುವಾಗ ಹಾಗೆ ತಿರುಗುವುದಿಲ್ಲ.

ಕುಟುಂಬದವರಿಗೆ ವಿಷಯ ತಿಳಿದದ್ದು ಒಡವೆಯಿಂದಲೇ. ಮದುವೆಯ ನಾಲ್ಕೆಳೆ ಸರ, ಎರಡು ಬಳೆ ಮತ್ತು 80,000 ರೂಪಾಯಿ ‘ಸ್ವಇಚ್ಛೆಯ ಕಾಣಿಕೆ’ ಎಂಬ ಬರಹದೊಂದಿಗೆ ಬಳಗಕ್ಕೆ ಸೇರಿದ್ದವು. ಗಂಡ ಹಡಗಿನಿಂದ ಫೋನಿನಲ್ಲಿ ಕೂಗಾಡಿದ. ಅಣ್ಣ ಶಿರಸಿಯಿಂದ ಇಳಿದು ಬಂದು, ಗುರುವಾರದ ಭಜನೆ ನಡೆಯುತ್ತಿದ್ದಾಗಲೇ ಒಳನುಗ್ಗಿ, ಎಲ್ಲರೆದುರು ಆ ನೋಟ್‌ಬುಕ್ಕನ್ನು ಹರಿದು ಬಿಸಾಕಿದ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಆ ಹತ್ತು ನಿಮಿಷ ಎಂದು ಹೇಳದೆ ವಿಧಿಯಿಲ್ಲ. ‘ಮೊದಲು ಅಡ್ಡ ಬರುವವರು ಮನೆಯವರೇ, ಅದೇ ನಿನ್ನ ಪರೀಕ್ಷೆ’ ಎಂದು ಬಳಗ ತಿಂಗಳುಗಟ್ಟಲೆ ಮೊದಲೇ ಹೇಳಿಟ್ಟಿತ್ತು, ಅಣ್ಣ ಬಂದು ಆ ಮಾತನ್ನು ನಿಜ ಮಾಡಿದ. ಹರಿದ ಹಾಳೆಗಳನ್ನು ಇಪ್ಪತ್ತು ಹೆಂಗಸರು ಕೂತು ಅಂಟಿಸಿ ಕೊಟ್ಟರು. ಆ ರಾತ್ರಿ ಆಕೆ ಅಣ್ಣನ ನಂಬರನ್ನು ತಾನಾಗಿಯೇ ಬ್ಲಾಕ್ ಮಾಡಿದಳು.

ಬ್ಲಾಕ್ ಆಗದೆ ಉಳಿದ ಒಂದು ನಂಬರು ಚಿಕ್ಕಮ್ಮನದು. ತೋಟದ ಮನೆಯಲ್ಲಿರುವ, ಏಳನೆಯ ತರಗತಿಯವರೆಗೆ ಓದಿದ ಈ ಚಿಕ್ಕಮ್ಮ ಪ್ರತಿ ರವಿವಾರ ಫೋನು ಮಾಡುತ್ತಿದ್ದರು. ಬಳಗದ ಸುದ್ದಿ ಅವರಿಗೆ ತಿಳಿದಿತ್ತು, ಒಮ್ಮೆಯೂ ಕೇಳಲಿಲ್ಲ. ಅಪ್ಪೆಮಿಡಿಗೆ ಈ ಸಲ ಉಪ್ಪು ಹೆಚ್ಚಾಯಿತು, ಕೊಳೆರೋಗಕ್ಕೆ ಔಷಧಿ ಹೊಡೆಯುವವನು ಬರಲಿಲ್ಲ, ಕರು ಹಾಕಿದ ಎಮ್ಮೆ ಹಾಲು ಕೊಡುವುದಿಲ್ಲ ಎಂಬಂತಹ ಮಾತು. ಆಕೆ ಕರೆ ತೆಗೆಯದಿದ್ದರೆ ಮುಂದಿನ ರವಿವಾರ ಅದೇ ಹೊತ್ತಿಗೆ ಮತ್ತೆ. ಏಕೆ ತೆಗೆಯಲಿಲ್ಲ ಎಂಬ ಪ್ರಶ್ನೆಯಿಲ್ಲ. ಆಶ್ ಅವರ ಪ್ರಯೋಗದ ಜೊತೆಗಾರ ಗುಂಪಿನೊಂದಿಗೆ ವಾದಿಸುವುದಿಲ್ಲ. ತನ್ನ ಸರದಿಯಲ್ಲಿ ತನಗೆ ಕಂಡದ್ದನ್ನು ಹೇಳಿ ಸುಮ್ಮನಾಗುತ್ತಾನೆ. ಚಿಕ್ಕಮ್ಮ ಮಾಡಿದ್ದೂ ಅಷ್ಟೇ. ಬಳಗದ ಹೊರಗೂ ಒಂದು ಲೋಕ ಇದೆ, ಅದರಲ್ಲಿ ಅವಳ ಜಾಗ ಹಾಗೇ ಇದೆ, ಅದಕ್ಕೆ ಯಾವ ಸಂಕಲ್ಪವೂ ಬೇಕಿಲ್ಲ ಎಂಬುದು ಆ ಎಮ್ಮೆಯ ಮಾತಿನಲ್ಲಿತ್ತು.

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂರುವ ಆ ದಿನಗಳಿಗೆ ಊರು ಬಿಟ್ಟವರೆಲ್ಲ ಬರುತ್ತಾರೆ. “ಮಗನನ್ನು ಕರೆದುಕೊಂಡು ಬಾ, ಉಡಿ ತುಂಬುವುದಿದೆ” ಎಂದು ಚಿಕ್ಕಮ್ಮ ಕರೆದರು. ಆಕೆ ಹಿರಿಯಕ್ಕನ ಬಳಿ ಅನುಮತಿ ಕೇಳಿದಳು. ಮಂಡಲದ ನಡುವೆ ಬೇರೆ ಬಾಗಿಲಿಗೆ ಹೋದರೆ ಪುಣ್ಯ ಸೋರಿಹೋಗುತ್ತದೆ ಎಂಬ ಉತ್ತರ ಬಂತು. ಅದಕ್ಕಿಂತ ದೊಡ್ಡ ಮಾತುಗಳಿಗೆ ಆಕೆ ತಲೆಬಾಗಿದ್ದಳು; ಇದಕ್ಕೆ ಆಗಲಿಲ್ಲ. ನಾಲ್ಕು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ರಥ ನೋಡಿದ್ದಳು. “ಅಮ್ಮನ ಮನೆ ಬೇರೆ ಬಾಗಿಲು ಹೇಗಾಯಿತು ಅಂತ ಮನಸ್ಸಿಗೆ ಬಂತು. ಹಾಗೆ ಬಂದದ್ದಕ್ಕೆ ಹೆದರಿಕೆಯೂ ಆಯಿತು. ಹೆದರಿಕೊಂಡೇ ಬಸ್ಸು ಹತ್ತಿದೆ.” ಜಾತ್ರೆಯಿಂದ ಹಿಂದಿರುಗಿದ ಮೇಲೆ ಆಕೆ ‘ಎದ್ದೆ’ ಎಂದು ಬರೆಯಲಿಲ್ಲ.

ಮೊದಲ ದಿನ ಒಂಬತ್ತು ಕರೆ. ಮೂರನೆಯ ದಿನ ಆರು ಮಂದಿ ಮನೆಗೆ ಬಂದು ಅತ್ತರು. ಎರಡನೆಯ ವಾರದಿಂದ ಯಾರೂ ಇಲ್ಲ. ರವಿಕೆಯ ಬಟ್ಟೆಗಳನ್ನು ಹೊಲಿಯದಿದ್ದಂತೆಯೇ ವಾಪಸು ಒಯ್ದರು. ಪಕ್ಕದ ಮನೆಯ ಹುಡುಗ ಆಟಕ್ಕೆ ಬರುವುದು ನಿಂತಿತು. ಆಕೆ ನನ್ನ ಬಳಿ ಬಂದದ್ದು ಬಳಗದಲ್ಲಿ ಪಟ್ಟ ಪಾಡಿಗಾಗಿ ಅಲ್ಲ, ಈ ಮೌನದಲ್ಲಿ ಉಸಿರು ಕಟ್ಟಿದ್ದಕ್ಕೆ. ಬಿಟ್ಟುಬಂದವರಿಗೆ ‘ಪಾರಾದೆ ಬಿಡು’ ಎಂದು ಹೇಳುವವರು ಇದನ್ನು ಗಮನಿಸಬೇಕು: ಆಕೆಯ ಪಾಲಿಗೆ ಅದು ಒಂದೇ ದಿನದಲ್ಲಿ ಇಪ್ಪತ್ತು ಮಂದಿ ತೀರಿಕೊಂಡಂತೆ, ಮತ್ತು ಆ ಸೂತಕಕ್ಕೆ ಬಂದು ಕೂರುವವರು ಯಾರೂ ಇರಲಿಲ್ಲ.

ಒಡವೆಯ ವಿಷಯದಲ್ಲಿ ವಕೀಲರನ್ನು ಕಂಡೆವು. ಅಣ್ಣನ ಮನಸ್ಸಿನಲ್ಲಿದ್ದದ್ದು ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯಿದೆ. ಅದು ತಾನೇ ಪಟ್ಟಿ ಮಾಡಿರುವ ನಿರ್ದಿಷ್ಟ ಆಚರಣೆಗಳಿಗೆ ಸಂಬಂಧಿಸಿದ್ದು. ಭಜನೆ, ಜಪ, ಕಾಣಿಕೆ ಅದರಲ್ಲಿ ಬರುವುದಿಲ್ಲ, ಬರಲೂ ಬಾರದು, ಸಂವಿಧಾನದ 25ನೇ ವಿಧಿಯ ಸ್ವಾತಂತ್ರ್ಯ ಬಳಗದವರಿಗೂ ಇದೆ. ವಕೀಲರು ತೋರಿಸಿದ್ದು 1872ರ ಭಾರತೀಯ ಕರಾರು ಅಧಿನಿಯಮದ 16ನೇ ಕಲಮನ್ನು. ಒಬ್ಬರ ಇಚ್ಛೆಯ ಮೇಲೆ ಪ್ರಾಬಲ್ಯವಿರುವ ಸ್ಥಾನದಲ್ಲಿದ್ದವರು ಆ ಸ್ಥಾನವನ್ನು ಬಳಸಿ ಅನುಚಿತ ಲಾಭ ಪಡೆದರೆ ಅದು ಅನುಚಿತ ಪ್ರಭಾವವಾಗುತ್ತದೆ. ಪರಲೋಕದ ಒಳಿತಿಗೆಂದು ಮುದುಕನೊಬ್ಬ ತನ್ನ ಆಸ್ತಿಯನ್ನೆಲ್ಲ ಗುರುವಿಗೆ ದಾನ ಬರೆದದ್ದನ್ನು ಮನ್ನು ಸಿಂಗ್ ಮತ್ತು ಉಮಾದತ್ ಪಾಂಡೆ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟು 1890ರಷ್ಟು ಹಿಂದೆಯೇ ರದ್ದುಗೊಳಿಸಿತ್ತು. 1887ರ ಇಂಗ್ಲೆಂಡಿನ ಆಲ್‌ಕಾರ್ಡ್ ಮತ್ತು ಸ್ಕಿನ್ನರ್ ಮೊಕದ್ದಮೆಯಲ್ಲಿ ಸನ್ಯಾಸಿನಿಯರ ಮಠಕ್ಕೆ ಆಸ್ತಿ ಕೊಟ್ಟ ಹೆಂಗಸಿನ ಮೇಲೆ ಅಂತಹ ಪ್ರಭಾವವಿತ್ತೆಂದು ನ್ಯಾಯಾಲಯ ಒಪ್ಪಿತು, ಆದರೆ ಮಠ ಬಿಟ್ಟು ಸುಮಾರು ಆರು ವರ್ಷ ಸುಮ್ಮನಿದ್ದುದಕ್ಕಾಗಿ ಆಸ್ತಿ ಹಿಂದಕ್ಕೆ ಸಿಗಲಿಲ್ಲ. ಈ ಎರಡನೆಯದನ್ನು ಕೇಳಿ ಆಕೆ ಅದೇ ವಾರ ನೋಟಿಸು ಕಳುಹಿಸಲು ಒಪ್ಪಿದಳು. ಹಣ ಎರಡು ಕಂತಿನಲ್ಲಿ ಬಂತು. ಸರ ಮತ್ತು ಬಳೆಯ ಮಾತು ಇನ್ನೂ ನಡೆಯುತ್ತಿದೆ.

ತಾನು ಕರೆದೊಯ್ದ ಇಬ್ಬರು ತಾಯಂದಿರಿಗೆ ಆಕೆ ಒಂದೊಂದು ಪತ್ರ ಬರೆದಳು. ಬಿಟ್ಟುಬನ್ನಿ ಎಂದು ಅದರಲ್ಲಿ ಇರಲಿಲ್ಲ. ನಾನು ರವಿವಾರ ಸಂತೆಗೆ ಬರುತ್ತೇನೆ, ನೀವೂ ಬಂದರೆ ಮಾತಾಡೋಣ ಎಂದಿತ್ತು. ವರ್ಗಾವಣೆಯಾಗಿ ಬಂದಿದ್ದಾಕೆ ಎರಡು ರವಿವಾರ ಬಂದಳು. ಇನ್ನೊಬ್ಬಳು ಬಂದಿಲ್ಲ.

ಈಗಲೂ ಆಕೆಗೆ 4:30ಕ್ಕೆ ಎಚ್ಚರವಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಫೋನು ಹುಡುಕುತ್ತಾಳೆ. ಕಳೆದ ಭೇಟಿಯಲ್ಲಿ ಆಕೆ ಒಂದು ಸಂಗತಿ ಹೇಳಿದಳು. ಬಟ್ಟೆ ಒಗೆಯುವ ಕಲ್ಲಿನ ಬಳಿ ಬಗ್ಗಿದ್ದಾಗ, ಐದು ತಿಂಗಳಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಬಂದು ನಿಂತಳು. ಒಬ್ಬಳನ್ನು ಕಳೆದುಕೊಂಡದ್ದಕ್ಕೆ ಆಕೆಯನ್ನು ಎರಡು ಗುರುವಾರ ಎಲ್ಲರೆದುರು ನಿಲ್ಲಿಸಿದ್ದರಂತೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಆಕೆ ಕೇಳಿದ್ದು ಇಷ್ಟೇ: “ನಿನಗೆ ಈಗ ನಿದ್ದೆ ಬರ್ತದಾ?”

“ಪೂರ್ತಿ ಇಲ್ಲ. ಮೊದಲಿಗಿಂತ ಅಡ್ಡಿಲ್ಲ” ಎಂದು ಇವಳು ಹೇಳಿದಳು. ಪಕ್ಕದ ಮನೆಯಾಕೆ ಇನ್ನೂ ಏನೋ ಕೇಳುವವಳಂತೆ ಸ್ವಲ್ಪ ಹೊತ್ತು ನಿಂತಿದ್ದು, ಬಕೆಟ್ ಎತ್ತಿಕೊಂಡು ಒಳಗೆ ಹೋದಳು.